ಕಾಲವೂ ಕ್ರಿಯಾವೇಗವೂ: ಬ್ರಹ್ಮಗಿರಿಯ ಕಲ್ಲು ಮತ್ತು ಕಬ್ಬಿಣವನ್ನು ಕುರಿತು ಒಂದು ವಿವೇಚನೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಬ್ರಹ್ಮಗಿರಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದ ಇತಿಹಾಸದ ಅಧ್ಯಾಪಕರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಅಲ್ಲಿನ ಬಂಡೆಯ ಮೇಲೆ ಅಶೋಕನು ಬರೆಸಿದ ಬ್ರಾಹ್ಮೀ ಅಕ್ಷರಗಳು ಸುಮಾರು 2250 ವರ್ಷಗಳ ಬಿಸಿಲು ಮಳೆಗಳನ್ನು ಉಂಡೂ ಓದಲು ಬರುವಂತಿವೆ. ಅದೇ ಬೆಟ್ಟದ ಬುಡದಲ್ಲಿ, ಬೃಹತ್ ಶಿಲೆಗಳಿಂದ ಕಟ್ಟಿದ ಸಮಾಧಿಗಳಲ್ಲಿ ದೊರೆತ ಕಬ್ಬಿಣದ ಕತ್ತಿ, ಈಟಿ, ಬಾಣದ ಮೊನೆಗಳು ತುಕ್ಕು ಹಿಡಿದು ರೂಪುಗೆಟ್ಟಿವೆ. ಹಾಗಾದರೆ ಕಬ್ಬಿಣವು ಶಾಸನಕ್ಕಿಂತ ಬಹು ಪ್ರಾಚೀನವೆಂದು ತಿಳಿಯಬಹುದೆ? ಈ ಪ್ರಶ್ನೆಯನ್ನು ನಮಗೆ ಮೊದಲ ಸಲ ಕೇಳಿದಾಗ, ಕಾಲವು ಎಲ್ಲವನ್ನೂ ತಿನ್ನುತ್ತದೆ, ಕೆಲವನ್ನು ಬೇಗ, ಕೆಲವನ್ನು ತಡವಾಗಿ ಎಂದು ಹೇಳಿ ನಾವು ಮುಂದಕ್ಕೆ ನಡೆದೆವು. ಆ ಉತ್ತರ ಕೇಳಲು ಗಂಭೀರವಾಗಿದ್ದರೂ ಉತ್ತರವಲ್ಲವೆಂಬುದು ಮನೆಗೆ ಹಿಂದಿರುಗುವಷ್ಟರಲ್ಲಿ ನಮಗೇ ಮನದಟ್ಟಾಯಿತು. ಏಕೆಂದರೆ ಅದೇ ನೆಲದಲ್ಲಿ, ಕಬ್ಬಿಣದ ಸ್ತರಕ್ಕಿಂತ ಕೆಳಗಿನ ಸ್ತರದಲ್ಲಿ, ನಯಗೊಳಿಸಿದ ಕಲ್ಲಿನ ಕೊಡಲಿಗಳು ದೊರೆತಿವೆ. ಎಲ್ಲಕ್ಕಿಂತ ಹಳೆಯವಾದ ಅವುಗಳ ಅಂಚು ಇಂದಿಗೂ ಕೈಗೆ ತಾಗುವಷ್ಟು ಹರಿತವಾಗಿದೆ. ಹಳೆಯದು ಉಳಿದು ಹೊಸದು ಹಾಳಾಗಿರುವಾಗ, ಹಾಳಾಗುವಿಕೆಯನ್ನು ಕಾಲದ ಲೆಕ್ಕಕ್ಕೆ ಬರೆಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರವಿರುವುದು ಇತಿಹಾಸದಲ್ಲಲ್ಲ, ರಸಾಯನ ಶಾಸ್ತ್ರದಲ್ಲಿ. ವಿಶೇಷವಾಗಿ ಕ್ರಿಯಾವೇಗವನ್ನು ವಿವೇಚಿಸುವ ಶಾಖೆಯಲ್ಲಿ. ಆ ಶಾಸ್ತ್ರವು ನಮ್ಮ ವೃತ್ತಿಯಲ್ಲವಾದರೂ ಅದರ ಮೂಲತತ್ತ್ವಗಳನ್ನು ಅರಿಯದೆ ಪುರಾತನ ವಸ್ತುಗಳ ಸ್ಥಿತಿಯನ್ನು ಕುರಿತು ಮಾತನಾಡುವುದು ಅಪಾಯಕರವೆಂದು ನಮಗೆ ತೋರಿದೆ. ಆದುದರಿಂದ ಆ ತತ್ತ್ವಗಳನ್ನು ಚಳ್ಳಕೆರೆ ಮೊಳಕಾಲ್ಮೂರುಗಳ ಪರಿಚಿತ ಉದಾಹರಣೆಗಳಿಂದಲೇ ವಿವರಿಸಿ, ಕೊನೆಗೆ ಬ್ರಹ್ಮಗಿರಿಯ ಬಂಡೆಗೆ ಹಿಂದಿರುಗುವುದು ಪ್ರಕೃತ ಲೇಖನದ ಉದ್ದೇಶ.

ರಾಸಾಯನಿಕ ಕ್ರಿಯೆಯೊಂದು ನಡೆಯುವುದೋ ಇಲ್ಲವೋ ಎಂಬುದು ಒಂದು ಪ್ರಶ್ನೆ; ನಡೆದರೆ ಎಷ್ಟು ವೇಗವಾಗಿ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದನ್ನು ಅಳೆದು ನೋಡುವ ಪ್ರಯತ್ನವು 19ನೆಯ ಶತಮಾನದ ನಡುವೆ ಆರಂಭವಾಯಿತು. 1850ರಲ್ಲಿ ಜರ್ಮನಿಯ ವಿಲ್ಹೆಲ್ಮಿಯು ಆಮ್ಲದ ಸನ್ನಿಧಿಯಲ್ಲಿ ಸಕ್ಕರೆಯ ದ್ರಾವಣ ಪರಿವರ್ತನೆ ಹೊಂದುವ ವೇಗವನ್ನು ಅಳೆದನು. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬುವರು ಕ್ರಿಯೆಯಲ್ಲಿ ಭಾಗವಹಿಸುವ ವಸ್ತುಗಳ ಪ್ರಮಾಣಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ನಿಯಮವಾಗಿ ನಿರೂಪಿಸಿದರು. 1889ರಲ್ಲಿ ಸ್ವೀಡನ್ನಿನ ಅರ‍್ಹೇನಿಯಸ್ಸನು ಉಷ್ಣತೆಗೂ ವೇಗಕ್ಕೂ ಇರುವ ಸಂಬಂಧವನ್ನು ಒಂದು ಸೂತ್ರದಲ್ಲಿ ಅಡಕಗೊಳಿಸಿದನು. ಈ ಎಲ್ಲ ಫಲಿತಾಂಶಗಳಿಗೂ ಅಣುಗಳ ಚಲನೆಯಿಂದಲೇ ಕಾರಣ ಹೇಳುವ ಸಂಘಟ್ಟನ ಸಿದ್ಧಾಂತವನ್ನು 1916ರಲ್ಲಿ ಜರ್ಮನಿಯ ಮ್ಯಾಕ್ಸ್ ಟ್ರಾಟ್ಸ್, 1918ರಲ್ಲಿ ಇಂಗ್ಲೆಂಡಿನ ವಿಲಿಯಂ ಲೂಯಿಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ ಮಂಡಿಸಿದರು. ಅದು ಮೊದಲನೆಯ ಮಹಾಯುದ್ಧದ ಕಾಲವಾಗಿದ್ದು, ಎರಡು ದೇಶಗಳ ವಿದ್ವಾಂಸರ ನಡುವೆ ಪತ್ರಿಕೆಗಳ ವಿನಿಮಯ ನಿಂತುಹೋಗಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬಹುದು.

ಈ ಸಿದ್ಧಾಂತದ ಸಾರ ಸರಳವಾದುದು. ಎರಡು ವಸ್ತುಗಳು ಪರಸ್ಪರ ವರ್ತಿಸಬೇಕಾದರೆ ಅವುಗಳ ಅಣುಗಳು ಒಂದನ್ನೊಂದು ಸಂಘಟ್ಟಿಸಬೇಕು, ಎಂದರೆ ಡಿಕ್ಕಿ ಹೊಡೆಯಬೇಕು. ಆದರೆ ಸಂಘಟ್ಟನೆಯೊಂದೇ ಸಾಲದು. ನಾವು ಉಸಿರಾಡುವ ಗಾಳಿಯಲ್ಲಿ ಪ್ರತಿಯೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಇತರ ಅಣುಗಳನ್ನು ತಾಗುತ್ತಿರುತ್ತದೆ. ತಾಗಿದ ಮಾತ್ರಕ್ಕೆ ಕ್ರಿಯೆ ನಡೆಯುವುದಾಗಿದ್ದರೆ ಗಾಳಿಯ ಆಮ್ಲಜನಕ ಸೋಕಿದ ಕ್ಷಣವೇ ಒಲೆಯ ಪಕ್ಕದ ಸೌದೆ ಉರಿದು ಬೂದಿಯಾಗಬೇಕಾಗಿತ್ತು. ಹಾಗಾಗದಿರಲು ಎರಡು ಕಾರಣಗಳಿವೆ.

ಮೊದಲನೆಯದು ಶಕ್ತಿ. ಅಣುವಿನೊಳಗಿನ ಹಳೆಯ ಬಂಧಗಳು ಸಡಿಲಗೊಂಡು ಹೊಸ ಬಂಧಗಳು ಏರ್ಪಡಬೇಕಾದರೆ ಸಂಘಟ್ಟನೆಯಲ್ಲಿ ಒಂದು ಕನಿಷ್ಠ ಪ್ರಮಾಣದ ಶಕ್ತಿಯಿರಬೇಕು. ಇದನ್ನು ಪ್ರಚೋದನ ಶಕ್ತಿಯೆಂದು ಕರೆಯಬಹುದು. ದಿಣ್ಣೆಯ ಆಚೆ ಎಷ್ಟೇ ಒಳ್ಳೆಯ ಇಳಿಜಾರಿದ್ದರೂ ಎತ್ತಿನ ಗಾಡಿ ಮೊದಲು ದಿಣ್ಣೆಯನ್ನು ಹತ್ತಲೇಬೇಕು. ಹತ್ತುವ ಕಸುವಿಲ್ಲದ ಗಾಡಿಗಳು ಈಚೆಯಲ್ಲಿಯೇ ನಿಲ್ಲುತ್ತವೆ. ಎರಡನೆಯದು ದಿಕ್ಕು. ಅಣುಗಳು ತಕ್ಕ ಭಂಗಿಯಲ್ಲಿ, ತಕ್ಕ ಭಾಗದಿಂದ ಒಂದನ್ನೊಂದು ಎದುರಿಸಬೇಕು. ಮೊಳಕಾಲ್ಮೂರಿನ ಮಗ್ಗವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಲಾಳಿಗೆ ಎಷ್ಟೇ ವೇಗವಿದ್ದರೂ ಹಾಸಿನ ಎಳೆಗಳು ಮೇಲಕ್ಕೂ ಕೆಳಕ್ಕೂ ಬಿರಿದು ನಡುವೆ ದಾರಿ ಬಿಟ್ಟಾಗ ಮಾತ್ರ ಹೊಕ್ಕಿನ ನೂಲು ದಾಟೀತು. ಇಲ್ಲವಾದರೆ ಎಳೆಗೆ ಬಡಿದು ನಿಂತೀತು. ಹೀಗೆ ಶಕ್ತಿ, ದಿಕ್ಕು ಎರಡೂ ಕೂಡಿಬಂದ ಸಂಘಟ್ಟನೆಗೆ ಮಾತ್ರ ಫಲವುಂಟು. ಕ್ರಿಯಾವೇಗವೆಂದರೆ ನಿಯತ ಕಾಲದಲ್ಲಿ ಇಂಥ ಫಲಪ್ರದ ಸಂಘಟ್ಟನೆಗಳು ಎಷ್ಟು ನಡೆದುವೆಂಬುದರ ಲೆಕ್ಕವೇ ಆಗಿದೆ.

ಅನಿಲಗಳ ವಿಷಯದಲ್ಲಿ ಈ ಸಿದ್ಧಾಂತವನ್ನು ನೇರವಾಗಿ ಲೆಕ್ಕಕ್ಕೆ ಇಳಿಸಬಹುದು. ದ್ರವ, ಘನಗಳ ವಿಷಯದಲ್ಲಿ ಅಣುಗಳು ಪರಸ್ಪರ ಸಮೀಪಿಸುವ ಬಗೆಯೇ ಜಟಿಲವಾದುದರಿಂದ ಲೆಕ್ಕವೂ ಜಟಿಲವಾಗುತ್ತದೆ. ಆದರೂ ವೇಗವನ್ನು ಹೆಚ್ಚು ಕಡಮೆ ಮಾಡುವ ಕಾರಣಗಳನ್ನು ತಿಳಿಯಲು ಈ ಚಿತ್ರವು ಎಲ್ಲ ಕಡೆಯೂ ಸಹಾಯಕವಾಗಿದೆ. ಅಂಥ ಕಾರಣಗಳನ್ನು ಸಾಮಾನ್ಯವಾಗಿ ಐದಾಗಿ ಎಣಿಸುವುದುಂಟು: ವಸ್ತುವಿನ ಸ್ವಭಾವ, ಸಾರತೆ, ಉಷ್ಣತೆ, ಮೇಲ್ಮೈಯ ವಿಸ್ತಾರ ಮತ್ತು ಕ್ರಿಯಾವರ್ಧಕ.

ವಸ್ತುವಿನ ಸ್ವಭಾವವೆಂದರೆ ಮುಖ್ಯವಾಗಿ ಅದು ದಾಟಬೇಕಾದ ದಿಣ್ಣೆಯ ಎತ್ತರ. ಬೆಣಚುಕಲ್ಲಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕಗಳ ಬಂಧ ಅತ್ಯಂತ ಬಿಗಿಯಾದುದು. ಅಲ್ಲದೆ ಅದು ಈಗಾಗಲೇ ಆಮ್ಲಜನಕದೊಡನೆ ಕೂಡಿರುವ ವಸ್ತುವಾದುದರಿಂದ ಗಾಳಿಯಿಂದ ಪಡೆಯಬೇಕಾದುದು ಏನೂ ಉಳಿದಿಲ್ಲ. ಕಬ್ಬಿಣದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅದು ಅದಿರಿನಲ್ಲಿ ಆಮ್ಲಜನಕದೊಡನೆ ಕೂಡಿಕೊಂಡಿತ್ತು. ಮನುಷ್ಯನು ಇದ್ದಿಲಿನ ಬೆಂಕಿಯಲ್ಲಿ ಬಲವಂತವಾಗಿ ಅದನ್ನು ಬೇರ್ಪಡಿಸಿದನು. ನೀರು ಗಾಳಿ ದೊರೆತೊಡನೆ ತನ್ನ ಹಳೆಯ ಸಂಬಂಧಕ್ಕೆ ಮರಳುವುದು ಅದಕ್ಕೆ ಸಹಜವಾಗಿದೆ. ತುಕ್ಕೆಂದರೆ ಇದೇ.

ಸಾರತೆಯೆಂದರೆ ನಿಯತ ಗಾತ್ರದಲ್ಲಿ ವಸ್ತುವಿನ ಅಣುಗಳು ಎಷ್ಟಿವೆಯೆಂಬುದು. ಅಣುಗಳು ಹೆಚ್ಚಿದಷ್ಟೂ ಸಂಘಟ್ಟನೆಗಳು ಹೆಚ್ಚು. ಇದಕ್ಕೆ ಮೊಳಕಾಲ್ಮೂರಿನ ರೇಷ್ಮೆಯೇ ನಿದರ್ಶನ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗದಷ್ಟು ಸೆರಿಸಿನ್ ಎಂಬ ಅಂಟು. ಅದು ಹೋಗದೆ ನೂಲಿಗೆ ಹೊಳಪಾಗಲಿ ಮೃದುತ್ವವಾಗಲಿ ಬಾರದು, ಬಣ್ಣವೂ ಸಮನಾಗಿ ಹಿಡಿಯದು. ಆದುದರಿಂದ ಬಣ್ಣ ಕಟ್ಟುವ ಮುನ್ನ ನೂಲನ್ನು ಸಾಬೂನು, ಸೋಡ ಬೆರೆಸಿದ ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಸೋಡ ತೀರ ಕಡಮೆಯಾದರೆ ಅಂಟು ಬಿಡಲು ಬಹಳ ಹೊತ್ತು ಬೇಕು. ಹೆಚ್ಚಾದರೆ ಅಂಟು ಬೇಗ ಬಿಡುವುದಾದರೂ ಕ್ಷಾರವು ಅಲ್ಲಿಗೇ ನಿಲ್ಲದೆ ರೇಷ್ಮೆಯ ಎಳೆಯಾದ ಫೈಬ್ರೊಯಿನ್ನಿಗೂ ಕೈಹಾಕುತ್ತದೆ, ನೂಲು ದುರ್ಬಲವಾಗುತ್ತದೆ. ಎರಡು ಕ್ರಿಯೆಗಳ ವೇಗದಲ್ಲಿರುವ ಅಂತರವನ್ನು ಅರಿತು, ಮೊದಲನೆಯದು ಮುಗಿದು ಎರಡನೆಯದು ಬಲಗೊಳ್ಳುವ ಮೊದಲೇ ನೂಲನ್ನು ಮೇಲೆತ್ತುವುದೇ ಆ ಕಸುಬಿನ ಜಾಣ್ಮೆ. ಸೂತ್ರವನ್ನು ಓದದೆಯೇ ಕ್ರಿಯಾವೇಗವನ್ನು ಕೈಯಲ್ಲಿ ಹಿಡಿದವರು ಇವರು.

ಉಷ್ಣತೆಯ ಪ್ರಭಾವವು ಎಲ್ಲಕ್ಕಿಂತ ವಿಸ್ಮಯಕಾರಿಯಾಗಿದೆ. ಕೊಠಡಿಯ ಉಷ್ಣತೆಯಲ್ಲಿ ಅನೇಕ ಕ್ರಿಯೆಗಳ ವೇಗವು 10 ಡಿಗ್ರಿ ಹೆಚ್ಚಿದರೆ ಸುಮಾರು ಇಮ್ಮಡಿಯಾಗುತ್ತದೆಯೆಂಬ ಸ್ಥೂಲ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ ಕಾರಣವನ್ನು ಕೇಳಿದರೆ, ಅಣುಗಳು ವೇಗವಾಗಿ ಚಲಿಸಿ ಹೆಚ್ಚು ಸಲ ತಾಗುತ್ತವೆಯೆಂದು ಉತ್ತರಿಸುತ್ತಾರೆ. ಇದು ಅರ್ಧಸತ್ಯವೂ ಅಲ್ಲ. ಉಷ್ಣತೆ 25ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅಣುಗಳ ಸರಾಸರಿ ವೇಗ ಹೆಚ್ಚುವುದು ನೂರಕ್ಕೆ 2ಕ್ಕಿಂತಲೂ ಕಡಮೆ. ಅಷ್ಟರಿಂದ ಕ್ರಿಯೆ ಇಮ್ಮಡಿಯಾಗಲಾರದು. ನಿಜವಾದ ಕಾರಣ ಶಕ್ತಿಯ ಹಂಚಿಕೆಯಲ್ಲಿದೆ. ಪ್ರಚೋದನ ಶಕ್ತಿಯು ಮೋಲ್ ಒಂದಕ್ಕೆ 50 ಕಿಲೋಜೌಲ್ ಇರುವ ಕ್ರಿಯೆಯನ್ನು ಭಾವಿಸೋಣ. ಅರ‍್ಹೇನಿಯಸ್ಸನ ಸೂತ್ರದಂತೆ ಲೆಕ್ಕ ಹಾಕಿದರೆ 25 ಡಿಗ್ರಿಯಲ್ಲಿ ನೂರು ಕೋಟಿ ಸಂಘಟ್ಟನೆಗಳಲ್ಲಿ ಎರಡಕ್ಕೂ ಆ ಶಕ್ತಿ ಇರುವುದಿಲ್ಲ. 35 ಡಿಗ್ರಿಯಲ್ಲಿ ಮೂರಕ್ಕಿಂತ ತುಸು ಹೆಚ್ಚಿಗೆ ಇರುತ್ತದೆ. ದಿಣ್ಣೆ ಹತ್ತಬಲ್ಲ ಗಾಡಿಗಳು ಎರಡೂ ಸಂದರ್ಭಗಳಲ್ಲಿ ಅತಿ ವಿರಳವೇ. ಆದರೆ ಆ ವಿರಳ ಸಂಖ್ಯೆಯೇ ಇಮ್ಮಡಿಯಾಗಿದೆ. ಬಹುಸಂಖ್ಯೆಯ ಸಾಮಾನ್ಯ ಅಣುಗಳಿಗಿಂತ ಅಲ್ಪಸಂಖ್ಯೆಯ ಸಮರ್ಥ ಅಣುಗಳಿಂದಲೇ ಕ್ರಿಯೆಯ ಗತಿ ನಿರ್ಧಾರವಾಗುತ್ತದೆ.

ನಾಲ್ಕನೆಯದಾದ ಮೇಲ್ಮೈಯ ವಿಸ್ತಾರಕ್ಕೂ ಐದನೆಯದಾದ ಕ್ರಿಯಾವರ್ಧಕಕ್ಕೂ ಚಳ್ಳಕೆರೆಗೆ ಹೋಗೋಣ. ಶೇಂಗಾ ಬೆಳೆಗೂ ಎಣ್ಣೆಯ ಗಿರಣಿಗಳಿಗೂ ಹೆಸರಾದ ಆ ಊರಿನಲ್ಲಿ ಎಣ್ಣೆ ಕಮಟುವುದೆಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಣ್ಣೆಯ ಅಣುಗಳೊಡನೆ ಗಾಳಿಯ ಆಮ್ಲಜನಕ ವರ್ತಿಸಿ ಕೆಟ್ಟ ವಾಸನೆಯ ವಸ್ತುಗಳು ಹುಟ್ಟುವುದು ಅದಕ್ಕೆ ಒಂದು ಮುಖ್ಯ ಕಾರಣ. ಸಿಪ್ಪೆಯೊಳಗಿನ ಒಣ ಬೀಜ ತಿಂಗಳುಗಟ್ಟಲೆ ಕೆಡದು. ಅದೇ ಬೀಜವನ್ನು ಹುರಿದು ಕುಟ್ಟಿ ಪುಡಿಮಾಡಿಟ್ಟರೆ ಬೇಗ ಕಮಟುತ್ತದೆ. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರ್ ಅಂಚಿನ 1000 ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 60 ಚದರ ಸೆಂಟಿಮೀಟರ್. ವಸ್ತು ಅಷ್ಟೇ ಇದ್ದರೂ ಸಂಘಟ್ಟನೆಗೆ ತೆರೆದ ಬಾಗಿಲು ಹತ್ತು ಮಡಿಯಾಯಿತು.

ಅದೇ ಎಣ್ಣೆಯನ್ನು ಕಲಾಯಿ ಮಾಸಿದ ತಾಮ್ರದ ಪಾತ್ರೆಯಲ್ಲಿಟ್ಟರೆ ಇನ್ನೂ ಬೇಗ ಕೆಡುತ್ತದೆ. ಎಣ್ಣೆಗೆ ಇಳಿದ ತಾಮ್ರದ ಲೇಶವೂ ಈ ಕ್ರಿಯೆಗೆ ಕ್ರಿಯಾವರ್ಧಕವಾಗಿ ವರ್ತಿಸುವುದೇ ಇದಕ್ಕೆ ಕಾರಣ. ಕ್ರಿಯಾವರ್ಧಕವು ಗಾಡಿಗಳಿಗೆ ಹೊಸ ಕಸುವನ್ನು ಕೊಡುವುದಿಲ್ಲ. ದಿಣ್ಣೆಯನ್ನು ಬಳಸಿ ಹೋಗುವ ತಗ್ಗಿನ ದಾರಿಯೊಂದನ್ನು ತೋರಿಸುತ್ತದೆ. ಕ್ರಿಯೆಯ ಕೊನೆಗೆ ತಾನು ವ್ಯಯವಾಗದೆ ಉಳಿಯುತ್ತದೆ. ಇದೇ ತತ್ತ್ವವು ಉಪಕಾರಕ್ಕೂ ಬರುತ್ತದೆ. ನಿಕ್ಕಲ್ಲಿನ ನುಣುಪಾದ ಪುಡಿಯ ಸನ್ನಿಧಿಯಲ್ಲಿ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಯಾದ ವನಸ್ಪತಿಯನ್ನು ಮಾಡುವುದು ಈ ಬಗೆಯಿಂದಲೇ. ಲೋಹಪುಡಿಗಳ ಈ ಗುಣವನ್ನು ಶೋಧಿಸಿದ ಫ್ರಾನ್ಸಿನ ಸಬಾತಿಯೇನಿಗೆ 1912ರ ನೊಬೆಲ್ ಪಾರಿತೋಷಕ ದೊರೆಯಿತು.

ಈ ಐದು ಅಳತೆಗೋಲುಗಳನ್ನು ಹಿಡಿದು ಬ್ರಹ್ಮಗಿರಿಗೆ ಹಿಂದಿರುಗೋಣ. ಬಿ. ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯಿದು. ಬರೆದ ಲಿಪಿಕಾರನ ಹೆಸರು ಚಪಡ. ಶಾಸನವಿರುವುದು ಗಟ್ಟಿ ಕಗ್ಗಲ್ಲಿನ ಮೇಲೆ. ಈ ಜಾತಿಯ ಶಿಲೆಯಲ್ಲಿರುವ ಬೆಣಚಿನ ಅಂಶ ಮಳೆನೀರಿಗೆ ಬಹುಮಟ್ಟಿಗೆ ಜಗ್ಗದು. ಫೆಲ್ಡ್‌ಸ್ಪಾರ್ ಎಂಬ ಅಂಶವನ್ನು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲವಾದ ಮಳೆನೀರು ನಿಧಾನವಾಗಿ ಜೇಡಿಯಾಗಿ ಮಾರ್ಪಡಿಸುತ್ತದೆ. ಆದರೆ ನೀರಿಲ್ಲದೆ ಈ ಕ್ರಿಯೆ ಸಾಗದು. ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿವೆ. ಬಿದ್ದ ಮಳೆಯೂ ಬಂಡೆಯ ಮೇಲಿಂದ ಹರಿದು ಬಿಸಿಲಿಗೆ ಬೇಗ ಆರುತ್ತದೆ. ಬಿಸಿಲು ಹೆಚ್ಚೆಂಬುದು ನಿಜ. ಆದರೆ ಸಂಘಟ್ಟಿಸಬೇಕಾದ ನೀರೇ ಇಲ್ಲದಾಗ ಉಷ್ಣತೆಯೊಂದೇ ಏನು ಮಾಡೀತು? ಇದಲ್ಲದೆ ಇಡಿಯಾದ ದೊಡ್ಡ ಬಂಡೆಗೆ ತನ್ನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಅತ್ಯಲ್ಪ. ಬೆಳೆಗಾರರಿಗೆ ಶಾಪವಾಗಿರುವ ಬರವೇ ಲಿಪಿಗೆ ವರವಾಯಿತೆಂದು ಹೇಳಬೇಕಾಗಿದೆ.

ಸಮಾಧಿಯ ಕಬ್ಬಿಣಕ್ಕೆ ಎಲ್ಲವೂ ಪ್ರತಿಕೂಲ. ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆ. ನೀರು, ಆಮ್ಲಜನಕ ಎರಡೂ ಬೇಕು, ಲವಣವಿದ್ದರೆ ವೇಗ ಹೆಚ್ಚು. ಹೊರಗಿನ ಬಂಡೆ ಒಣಗಿದ ಮೇಲೆಯೂ ಸಮಾಧಿಯೊಳಗೆ ತುಂಬಿದ ಮಣ್ಣು ತೇವವನ್ನೂ ಲವಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಾಣದ ಮೊನೆ ತೆಳುವಾದ ವಸ್ತುವಾದುದರಿಂದ ತೂಕಕ್ಕೆ ಹೋಲಿಸಿದರೆ ಅದರ ಹೊರಮೈ ಅಧಿಕ. ಹುಟ್ಟಿದ ತುಕ್ಕು ಸಚ್ಛಿದ್ರವಾದುದರಿಂದ ಒಳಗಿನ ಲೋಹವನ್ನು ಕಾಪಾಡುವುದೂ ಇಲ್ಲ. ಸ್ಥಿತಿಗತಿಗಳು ಬೇರೆಯಾದರೆ ಕಬ್ಬಿಣವೂ ಬಾಳಬಲ್ಲುದು ಎಂಬುದಕ್ಕೆ ದೆಹಲಿಯ ಕಬ್ಬಿಣದ ಕಂಬವೇ ಸಾಕ್ಷಿ. ಗುಪ್ತರ ಕಾಲದ ಆ ಕಂಬ ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅದರಲ್ಲಿರುವ ರಂಜಕದ ಅಂಶದಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಕ ಪದರವೊಂದು ಏರ್ಪಟ್ಟಿದೆಯೆಂದು ತಜ್ಞರು ವಿವರಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸವೆತವೆಲ್ಲವೂ ರಾಸಾಯನಿಕವಲ್ಲ. ಮೂರು ಶಾಸನಗಳಲ್ಲಿ ಜಟಿಂಗ ರಾಮೇಶ್ವರದ್ದು ಅತ್ಯಂತ ಹೆಚ್ಚಾಗಿ ಸವೆದಿದೆ. ಅಲ್ಲಿನ ಲಿಪಿ ಯಾತ್ರಿಕರು ನಡೆದಾಡುವ ಎಡೆಯಲ್ಲಿ, ಹಾಸುಬಂಡೆಯ ಮೇಲಿದೆ. ಅದೇ ರಾಜನ ಅದೇ ಆಜ್ಞೆ, ಅದೇ ಸೀಮೆಯ ಮಳೆ. ಆದರೂ ಫಲ ಬೇರೆ. ಕಾಲ್ತುಳಿತದಿಂದ ಆದ ನಷ್ಟವನ್ನು ಮಳೆಯ ತಲೆಗೆ ಕಟ್ಟುವುದಾಗಲಿ, ಸವೆತವನ್ನು ಕಂಡು ಆ ಶಾಸನವೇ ಹಳೆಯದೆಂದು ಊಹಿಸುವುದಾಗಲಿ ಸಮನಾಗಿ ತಪ್ಪು.

ಹಾಗಾದರೆ ವಿದ್ಯಾರ್ಥಿಯ ಮೂಲ ಪ್ರಶ್ನೆಗೆ ಉತ್ತರವೇನು? ಸರ್ ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಬ್ರಹ್ಮಗಿರಿಯ ಉತ್ಖನನ ನಡೆಸಿದಾಗ ತುಕ್ಕಿನ ದಪ್ಪವನ್ನು ನೋಡಿ ಕಾಲ ಕಟ್ಟಲಿಲ್ಲ. ಸ್ತರಗಳ ಕ್ರಮವನ್ನೂ, ಅರಿಕಮೇಡಿನಲ್ಲಿ ದೊರೆತಂಥ ಮಡಕೆಯ ಚೂರುಗಳನ್ನೂ ಆಧಾರವಾಗಿಟ್ಟುಕೊಂಡು, ಬೃಹತ್ ಶಿಲಾ ಸಂಸ್ಕೃತಿಯು ಅಲ್ಲಿ ಸುಮಾರು ಕ್ರಿ. ಪೂ. 200ರಲ್ಲಿ ಆರಂಭವಾಯಿತೆಂದು, ಎಂದರೆ ಅಶೋಕನ ತರುವಾಯದ್ದೆಂದು ಅಭಿಪ್ರಾಯಪಟ್ಟರು. ಅದಾದ ಎರಡು ವರ್ಷಗಳಲ್ಲಿಯೇ, 1949ರಲ್ಲಿ, ಅಮೆರಿಕದ ಲಿಬ್ಬಿಯವರ ವಿಕಿರಣ ಇಂಗಾಲದ ಕಾಲಮಾಪನ ಪದ್ಧತಿ ಬಳಕೆಗೆ ಬಂದಿತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರ ಉತ್ಖನನದಿಂದ ದೊರೆತ ಇದ್ದಿಲನ್ನು ಈ ಪದ್ಧತಿಯಿಂದ ಪರೀಕ್ಷಿಸಿದಾಗ ಅಲ್ಲಿನ ಕಬ್ಬಿಣದ ಕಾಲ ಸುಮಾರು ಕ್ರಿ. ಪೂ. 1000ದವರೆಗೆ ಹಿಂದೆ ಸರಿಯಿತು. ಇದರಿಂದ ದಕ್ಷಿಣದ ಕಬ್ಬಿಣ ಯುಗದ ಆರಂಭವೇ ಮೌರ್ಯರಿಗಿಂತ ಎಷ್ಟೋ ಹಿಂದಿನದೆಂದು ಈಗ ಒಪ್ಪಲಾಗಿದೆ. ಬ್ರಹ್ಮಗಿರಿಯ ಸಮಾಧಿಗಳಲ್ಲಿಯೂ ಕೆಲವು ಶಾಸನಕ್ಕಿಂತ ಹಳೆಯವಾಗಿರುವುದು ಸಂಭವನೀಯ. ವಿದ್ಯಾರ್ಥಿಯ ಊಹೆ ಹೀಗೆ ನಿಜವಾಗಬಹುದು. ಆದರೆ ಅವನು ಕೊಟ್ಟ ಕಾರಣ ಮಾತ್ರ ನಿಲ್ಲುವುದಿಲ್ಲ. ತಪ್ಪು ಕಾರಣದಿಂದ ದೊರೆತ ಸರಿಯುತ್ತರ ಮುಂದಿನ ಸಲ ನಮ್ಮನ್ನು ಖಂಡಿತವಾಗಿ ದಾರಿ ತಪ್ಪಿಸುತ್ತದೆ.

ಇದ್ದಿಲು ಗಡಿಯಾರವಾಗಬಲ್ಲುದಾದರೆ ತುಕ್ಕು ಏಕಾಗದು ಎಂದು ವಾಚಕರು ಕೇಳಬಹುದು. ಈ ಭೇದವೇ ನಮ್ಮ ವಿಷಯದ ತಿರುಳು. ವಿಕಿರಣ ಇಂಗಾಲದ ಪರಮಾಣುವಿನ ಕ್ಷಯವು ಅದರ ಬೀಜದೊಳಗೆ ನಡೆಯುವ ಘಟನೆ. ಅದಕ್ಕೆ ಇನ್ನೊಂದು ಅಣುವಿನ ಸಂಘಟ್ಟನೆ ಬೇಕಿಲ್ಲ. ಬಿಸಿಲು, ತೇವ, ಲವಣ, ಪುಡಿಯಾಗುವಿಕೆ ಯಾವುದೂ ಅದನ್ನು ಅವಸರಿಸದು, ತಡೆಯದು. ಸುಮಾರು 5730 ವರ್ಷಗಳಿಗೆ ಅರ್ಧಭಾಗ ಕಳೆಯುತ್ತದೆ. ಮೊಳಕಾಲ್ಮೂರಿನಲ್ಲಿಯೂ ಅಷ್ಟೇ, ಹಿಮಾಲಯದಲ್ಲಿಯೂ ಅಷ್ಟೇ. ಸಂಘಟ್ಟನೆಯಿಂದ ನಡೆಯುವ ಕ್ರಿಯೆಯಾದರೋ ತಾನು ನಡೆದ ಸ್ಥಳದ ಕಥೆಯನ್ನು ಹೇಳುತ್ತದೆ. ನಡೆದ ಕಾಲದ ಕಥೆಯನ್ನು ಆ ಸ್ಥಳದ ಕಥೆಯಿಂದ ಬೇರ್ಪಡಿಸಿ ಹೇಳಲಾರದು.

ಇದರಿಂದ ನಮ್ಮ ಕರ್ತವ್ಯವೂ ಸ್ಪಷ್ಟವಾಗುತ್ತದೆ. ಕಾಲವೇ ನಾಶಕಾರಕವಾಗಿದ್ದರೆ ನಾವು ಕೈಕಟ್ಟಿ ನೋಡಬೇಕಾಗಿತ್ತು, ಏಕೆಂದರೆ ಕಾಲವನ್ನು ನಿಲ್ಲಿಸುವವರಿಲ್ಲ. ಆದರೆ ಸಂಘಟ್ಟನೆಗಳನ್ನು ಕಡಮೆ ಮಾಡುವುದು ಮನುಷ್ಯಸಾಧ್ಯ. ಶಾಸನದ ಮೇಲೆ ಮಾಡು ಕಟ್ಟುವುದೆಂದರೆ ನೀರಿನ ಅಣುಗಳನ್ನು ದೂರವಿಡುವುದು. ವಸ್ತುಸಂಗ್ರಹಾಲಯದ ಕಬ್ಬಿಣದಿಂದ ಲವಣವನ್ನು ತೊಳೆದು ಒಣ ಪೆಟ್ಟಿಗೆಯಲ್ಲಿಡುವುದೆಂದರೆ ತುಕ್ಕಿನ ವೇಗವನ್ನು ತಗ್ಗಿಸುವುದು. ಇದಕ್ಕೆ ವಿರುದ್ಧವಾಗಿ, ಅಕ್ಷರ ಚೆನ್ನಾಗಿ ಕಾಣಲೆಂದು ಬಂಡೆಯನ್ನು ಆಮ್ಲ ಹಾಕಿ ತಿಕ್ಕುವುದು, ಸುಣ್ಣ ಬಳಿಯುವುದು, ತಂತಿಯ ಕುಂಚದಿಂದ ಉಜ್ಜಿ ಹೊಸ ಮೈ ತೆರೆಯುವುದು, ಇವೆಲ್ಲ ಶತಮಾನಗಳ ಕ್ರಿಯೆಯನ್ನು ಒಂದು ಮಧ್ಯಾಹ್ನಕ್ಕೆ ಇಳಿಸುವ ಕೆಲಸಗಳು. ನಮ್ಮ ಊರುಗಳಲ್ಲಿ ಇನ್ನೂ ಓದದೆ ಉಳಿದಿರುವ ವೀರಗಲ್ಲು, ಶಾಸನಗಳ ವಿಷಯದಲ್ಲಿ ಉತ್ಸಾಹಿಗಳು ಸದುದ್ದೇಶದಿಂದಲೇ ಹೀಗೆ ಮಾಡುವುದನ್ನು ನಾವು ಕಂಡಿದ್ದೇವೆ. ಶಾಸನವನ್ನು ಕಂಡ ವಿದ್ಯಾರ್ಥಿಯು ಮೊದಲು ಮಾಡಬೇಕಾದುದು ಓರೆ ಬೆಳಕಿನಲ್ಲಿ ಒಂದು ಛಾಯಾಚಿತ್ರ ತೆಗೆಯುವುದು, ಇರುವ ಸ್ಥಳವನ್ನು ಬರೆದಿಡುವುದು, ಆಮೇಲೆ ಬಲ್ಲವರಿಗೆ ತಿಳಿಸುವುದು.

ಚಳ್ಳಕೆರೆಯ ಕುದಾಪುರದ ಬಳಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಶೋಕನ ಬಂಡೆಗಳಿರುವ ಬೆಟ್ಟಗಳು ಅಲ್ಲಿಂದ ಬಹು ದೂರವಲ್ಲ. ಇತಿಹಾಸ ವಿಭಾಗಕ್ಕೂ ರಸಾಯನ ವಿಭಾಗಕ್ಕೂ ನಡುವಿನ ದೂರ ನಮ್ಮ ಕಾಲೇಜುಗಳಲ್ಲಿ ಅದಕ್ಕಿಂತ ಹೆಚ್ಚಾಗಬಾರದು. ಮುಂದಿನ ಸಲ ಬ್ರಹ್ಮಗಿರಿಗೆ ಹೊರಡುವಾಗ ರಸಾಯನ ಶಾಸ್ತ್ರದ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕೆಂದು ನಾವು ನಿಶ್ಚಯಿಸಿದ್ದೇವೆ. ಆಗ ಅದೇ ಪ್ರಶ್ನೆ ಬಂದರೆ, ಕಾಲದ ಹೆಸರು ಹೇಳಿ ಮುಂದಕ್ಕೆ ನಡೆಯುವ ಪ್ರಸಂಗ ನಮಗೆ ಬಾರದು.